ಹೋಗಿ ಬರುತ್ತೇನೆ ಎಂದರೆ

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಅವರು ನರ್ಸುಗಳಿಗೆ ಪರದೇಶವೊಂದರ ಭಾಷೆ ಕಲಿಸುತ್ತಿದ್ದರು. ಹುಡುಗಿಯರು ಇಟ್ಟ ಹೆಸರು ಡಿಕ್ಷನರಿ ಮೇಡಂ. ಆ ದೇಶವನ್ನು ಅವರು ಕಣ್ಣಾರೆ ಕಂಡವರಲ್ಲ. ಕ್ಯಾಸೆಟ್ ಕೇಳಿ, ಪುಸ್ತಕ ಅರೆದು ಕುಡಿದು ಕಲಿತವರು. ವ್ಯಾಕರಣ ಕೂದಲೆಳೆಯಷ್ಟು ತಪ್ಪಿದರೂ ಉತ್ತರದ ಹಾಳೆ ಕೆಂಪಾಗುತ್ತಿತ್ತು.

ಒಂದು ಮಧ್ಯಾಹ್ನ ಪಾಠದ ನಡುವೆ ಫೋನ್ ಬಂತು. ಹಳೆಯ ವಿದ್ಯಾರ್ಥಿನಿ, ಈಗ ಆ ದೇಶದ ವೃದ್ಧಾಶ್ರಮವೊಂದರಲ್ಲಿ ನರ್ಸ್.

"ಮೇಡಂ, ನಾನು ನೋಡ್ಕೋತಿದ್ದ ಅಜ್ಜ ಹೋಗ್ಬಿಟ್ರು. ನನ್ನಿಂದಾನೇ ಅಂತಿದಾರೆ."

"ಔಷಧಿ ಏನಾದ್ರೂ ಹೆಚ್ಚುಕಮ್ಮಿ ಮಾಡಿದ್ಯೇನೇ?"

"ಅಯ್ಯೋ, ಇಲ್ಲ ಮೇಡಂ. ಡ್ಯೂಟಿ ಮುಗಿಸಿ ಹೊರಡುವಾಗ 'ಹೋಗಿ ಬರ್ತೀನಿ ಅಜ್ಜ' ಅಂದೆ, ಅವರ ಭಾಷೇಲೇ. ಈಗ ಹೋಗಿ ಈಗ ಬರ್ತಾಳೆ ಅಂತ ಅವರು ಕಾದಿದಾರೆ. ಊಟಕ್ಕೆ ಕರೆದ್ರೆ 'ಅವಳು ಬರ್ಲಿ' ಅಂದ್ರಂತೆ. ಸಂಜೆ ನನ್ನ ಹುಡುಕ್ಕೊಂಡು ಹೊರಟು ಮೆಟ್ಟಿಲ ಮೇಲೆ ಬಿದ್ರು. ಸೊಂಟ ಮುರೀತು. ಒಂಬತ್ತೇ ದಿನ."

ನಾಳಿದ್ದು ವಿಚಾರಣೆ. ರೋಗಿಗೆ ಸುಳ್ಳು ಮಾತು ಕೊಟ್ಟಳೆಂಬುದು ಆರೋಪ. ಕೆಲಸ ಹೋದರೆ ಅವಳು ಅಲ್ಲಿ ಇರುವಂತಿಲ್ಲ.

"ಹಾಗೆ ಹೇಳೋಕೆ ನೀವೇ ಕಲಿಸಿದ್ದು ಅಂತ ಒಂದು ಕಾಗದ ಬರ್ಕೊಡ್ತೀರಾ ಮೇಡಂ?"

ಮೇಡಂ ಬೀರು ತೆಗೆದು ತಮ್ಮ ನೋಟ್ಸ್ ನೋಡಿದರು. ಮೂರನೇ ಪಾಠ. ಅಲ್ಲಿಯವರು ಹೊರಡುವಾಗ ಆಡುವ ಮಾತನ್ನು ಪುಸ್ತಕ ಸರಿಯಾಗಿಯೇ ಕೊಟ್ಟಿತ್ತು. ಅದು ಮೇಡಂ ಕಿವಿಗೆ 'ಹೋಗ್ತೀನಿ' ಎಂದಷ್ಟೇ ಕೇಳಿಸಿತ್ತು. ಹಾಸಿಗೆ ಹಿಡಿದವರ ಮುಂದೆ ಆ ಮಾತು ಆಡಿಸಲು ಮನಸ್ಸು ಬರದೆ, ಅದನ್ನು ಹೊಡೆದುಹಾಕಿ, 'ಹೋಗಿ ಬರ್ತೀನಿ' ಎಂದಾಗುವಂತೆ ತಾವೇ ಒಂದು ವಾಕ್ಯ ಕಟ್ಟಿ ಬರೆದಿದ್ದರು. ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಹದಿನೆಂಟು ವರ್ಷ ಅದಕ್ಕೆ ಪೂರ್ತಿ ಅಂಕ ಕೊಟ್ಟಿದ್ದರು.

"ನಿಮ್ಮ ತಲೆ ಮೇಲೆ ನೀವೇ ಚಪ್ಪಡಿ ಎಳ್ಕೋಬೇಡಿ," ಎಂದ ತರಗತಿಯ ಮಾಲೀಕ. "ತಪ್ಪು ಕಲಿಸ್ತೀವಿ ಅಂತ ಗೊತ್ತಾದ್ರೆ ಇಲ್ಲಿಗೆ ಯಾರು ಬರ್ತಾರೆ?"

"ಗೊತ್ತಾಗ್ದೆ ಬಂದವಳೇ ಅಲ್ಲಿ ಸಿಕ್ಕಿಹಾಕ್ಕೊಂಡಿರೋದು," ಎಂದು ಮೇಡಂ ಕಾಗದ ಬರೆದರು. ತಪ್ಪು ತಮ್ಮದು, ಹುಡುಗಿಯದಲ್ಲ, ಎಂದು ಆ ಭಾಷೆಯಲ್ಲೇ ಸಹಿ ಹಾಕಿ ಕಳಿಸಿದರು.

ವೃದ್ಧಾಶ್ರಮದಿಂದ ಬಂದ ಉತ್ತರ ನಾಲ್ಕು ಸಾಲಿನದು. ಶಿಕ್ಷಕಿಯ ಪ್ರಾಮಾಣಿಕತೆಗೆ ವಂದನೆ. ಆದರೆ ಆರು ತಿಂಗಳು ಅಲ್ಲಿದ್ದೂ ಆ ಮಾತು ಅಲ್ಲಿಯವರಿಗೆ ಹೇಗೆ ಕೇಳಿಸುತ್ತದೆಂದು ನರ್ಸ್ ತಿಳಿದುಕೊಳ್ಳಬೇಕಿತ್ತು. ಅವಳನ್ನು ಕೆಲಸದಿಂದ ತೆಗೆಯಲಾಗಿದೆ.

ಮೇಡಂ ಅದನ್ನು ತರಗತಿಗೆ ಓದಿ ಹೇಳಿದರು. ಮೂರನೇ ಪಾಠದ ಆ ವಾಕ್ಯವನ್ನು ಎಲ್ಲರ ನೋಟ್ಸಿನಲ್ಲೂ ತಾವೇ ಹೊಡೆದುಹಾಕಿದರು. ಹೊತ್ತಾಯಿತು. ಹುಡುಗಿಯರು ಬ್ಯಾಗು ಎತ್ತಿಕೊಂಡು ಬಾಗಿಲ ಬಳಿ ಗುಂಪಾದರು. ಅಭ್ಯಾಸಬಲ, ಒಬ್ಬಳ ಬಾಯಿಂದ ಬಂದೇಬಿಟ್ಟಿತು:

"ಬರ್ತೀವಿ ಮೇಡಂ."

"ಎಷ್ಟು ಹೊತ್ತಿಗೆ?" ಎಂದರು ಮೇಡಂ.

ಯಾರೋ ಕಿಸಕ್ಕೆಂದಳು. ಮೇಡಂ ನಗಲಿಲ್ಲ. ಏನು ಹೇಳಿ ಹೊರಡಬೇಕೋ ತಿಳಿಯದೆ ಹುಡುಗಿಯರು ಒಬ್ಬೊಬ್ಬರಾಗಿ, ಮಾತಿಲ್ಲದೆ ಮೆಟ್ಟಿಲಿಳಿದರು.