ಒಂದೇ ಗಾತ್ರದ ಪೇಡಗಳು

ರತ್ನಮ್ಮ, ಆ ಮಕ್ಕಳಿಗೆ ವಿಷವುಣಿಸಿದ್ದು ನಿಮ್ಮ ಕೈಯಲ್ಲ, ನನ್ನ ಕೈ. ಇಷ್ಟು ವರ್ಷವೂ ಅದು ನನಗೆ ಗೊತ್ತಿತ್ತು.

ಬೇಲೂರಿನ ಶಾಲೆಯಲ್ಲಿ ನೀವು ಅಡುಗೆಯವರು, ನಾನು ವಿಜ್ಞಾನದ ಮೇಷ್ಟ್ರು. ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ ನೀವು ಖೋವಾಕ್ಕೆ ಸಕ್ಕರೆ ಬೆರೆಸಿ, ಪೇಡ ಕಟ್ಟಿ, ತಟ್ಟೆಗಳಲ್ಲಿ ಆರಲು ಇಟ್ಟಿದ್ದಿರಿ. ಒಂದು ದೊಡ್ಡದು, ಒಂದು ಚಿಕ್ಕದು — ನನಗೆ ಸಹಿಸಲಾಗಲಿಲ್ಲ. ಎಲ್ಲವನ್ನೂ ಮುರಿದು ಮತ್ತೆ ಕಟ್ಟಲು ಕುಳಿತೆ.

"ಹೊಟ್ಟೆಗೋದ್ಮೇಲೆ ಯಾರು ಅಳೀತಾರೆ ಮೇಷ್ಟ್ರೇ?" ಎಂದು ನಕ್ಕಿರಿ. ಆಮೇಲೆ ನನ್ನ ಬೆರಳು ನೋಡಿದಿರಿ. "ಅಯ್ಯೋ, ಕೀವು ಕಟ್ಟೈತಲ್ಲ! ಬಿಡಿ, ನಾನೇ ಕಟ್ತೀನಿ."

"ಇಷ್ಟು ಸಕ್ಕರೇಲಿ ಯಾವ ಕ್ರಿಮೀನೂ ಬದುಕಲ್ಲಮ್ಮ" ಎಂದೆ.

ಪ್ರತಿ ವರ್ಷ ನಾನು ಮಾಡುತ್ತಿದ್ದ ಪಾಠ ಅದು: ಸಕ್ಕರೆ ಕ್ರಿಮಿಯ ಮೈಯಿಂದ ನೀರು ಹೀರುತ್ತದೆ, ಕ್ರಿಮಿ ಬಾಡುತ್ತದೆ. ಅರ್ಧ ಪಾಠ. ಉಳಿದರ್ಧವನ್ನು ಕಾಲೇಜಿನಲ್ಲೇ ಕಲಿತಿದ್ದೆ — ಕುರುವಿನ ಕೀವಿನಲ್ಲಿರುವ ಬ್ಯಾಕ್ಟೀರಿಯಾ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ನೀರು ಹೊರಹೋಗುತ್ತಿರುವುದು ಅದಕ್ಕೆ ತಿಳಿಯುತ್ತದೆ. ಕೂಡಲೇ ಪೊಟ್ಯಾಸಿಯಂ ಒಳಗೆಳೆದುಕೊಳ್ಳುತ್ತದೆ. ಬಳಿಕ, ತನಗೆ ಹಾನಿ ಮಾಡದ ಕೆಲವು ವಸ್ತುಗಳನ್ನು ಸುತ್ತಲಿನ ಆಹಾರದಿಂದಲೇ ಹೆಕ್ಕಿ ಒಳಗೆ ಕೂಡಿಹಾಕುತ್ತದೆ. ಹೊರಗಿನಷ್ಟೇ ಒಳಗೂ ಗಾಢವಾಯಿತೆಂದರೆ ನೀರು ನಿಲ್ಲುತ್ತದೆ. ಆಮೇಲೆ ನಿಧಾನವಾಗಿ ಬೆಳೆಯುತ್ತದೆ, ವಿಷ ಬಿಡುತ್ತದೆ. ಪೇಡದ ಬಣ್ಣ, ವಾಸನೆ, ರುಚಿ — ಯಾವುದೂ ಕೆಡುವುದಿಲ್ಲ.

ನಾನು ಅಚ್ಚುಕಟ್ಟಾಗಿ ಜೋಡಿಸಿ ಮುಚ್ಚಿದ ಡಬ್ಬಿಗಳೊಳಗೆ ಬೆಳಗಿನವರೆಗೂ ನಡೆದದ್ದು ಅದೇ.

ಬಾವುಟ ಏರಿತು. ಪೇಡ ಹಂಚಿದೆವು. ಬಿಸಿಲು ಏರುವ ಹೊತ್ತಿಗೆ ಮೈದಾನದ ತುಂಬ ವಾಂತಿ, ಅಳು. ಒಂದು ಪುಟ್ಟ ಹುಡುಗಿ ಕಣ್ಣು ಮೇಲೆ ಮಾಡಿದಳು. ಹಾಸನಕ್ಕೆ ಒಯ್ದರು, ಬದುಕಿದಳು. ಅವಳು ಬದುಕಿರದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇ — ಬಿಡುತ್ತಿದ್ದೆ ಎಂದು ಹೇಳುವ ಧೈರ್ಯ ನನಗಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ, "ಪೇಡ ಮಾಡಿದ್ಯಾರ್ರೀ?" ಎಂದರು. ಬೆರಳನ್ನು ಜೇಬಿಗೆ ಸೇರಿಸಿದೆ.

"ರತ್ನಮ್ಮ" ಎಂದೆ.

ಆ ಮಾತು ಸುಳ್ಳಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಬಂತು. ನಿಮ್ಮನ್ನು ಕೆಲಸದಿಂದ ತೆಗೆದರು. ಗೇಟಿನ ಬಳಿ ನಿಂತು, "ನನ್ ಕೈಯೇ ಸರಿಯಿಲ್ಲ ಮೇಷ್ಟ್ರೇ" ಎಂದಿರಿ. ಬೆರಳಿನ ನೆನಪು ನಿಮಗಿರಲಿಲ್ಲವೋ, ಮೇಷ್ಟರ ಮಾತು ತಪ್ಪಾಗದೆಂಬ ನಂಬಿಕೆಯೋ... ನಾನು ಗಡಿಯಾರ ನೋಡಿ ತರಗತಿಗೆ ಹೋದೆ. ಅಂದು ಸಹ ತಡವಾಗಲಿಲ್ಲ.

ಮೊನ್ನೆ ಬಸ್ ನಿಲ್ದಾಣದಲ್ಲಿ ನಿಮ್ಮ ಮಗಳು ಸಿಕ್ಕಿದಳು. "ಅವ್ವ ಜಾವಗಲ್‌ನಾಗೆ ನಮ್ ಜೊತೇಲೇ ಅವ್ಳೆ ಸಾರ್. ಮೊಮ್ಮಗು ಎಷ್ಟು ಅತ್ರೂ ಒಂದು ತುತ್ತು ತಿನ್ನಿಸಲ್ಲ. 'ನನ್ ಕೈದು ಬ್ಯಾಡ' ಅಂತಾಳೆ."

ರತ್ನಮ್ಮ, ನಾಳೆ ಹಳೇಬೀಡಿನ ಮೇಲೆ ಬರುವ ಮೊದಲ ಬಸ್ಸಿಗೆ ಬರುತ್ತೇನೆ. ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟು ಹಿಂತಿರುಗುವುದಿಲ್ಲ. ನಿಮ್ಮ ಮಗಳ ಎದುರೇ ಓದುತ್ತೇನೆ, ಆಮೇಲೆ ಶಾಲೆಗೂ ಹೋಗಿ ಹೇಳುತ್ತೇನೆ. ನನ್ನನ್ನು ಕ್ಷಮಿಸಬೇಡಿ. ಹೊಸಿಲಾಚೆಯೇ ನಿಲ್ಲಿಸಿ.

ಮಗುವಿಗೆ ಮಾತ್ರ, ನಾನು ನೋಡುತ್ತಿರುವಾಗಲೇ, ನಿಮ್ಮ ಕೈಯಿಂದ ಒಂದು ತುತ್ತು ತಿನ್ನಿಸಿ.