ಎರಡು ಕಿವಿ, ಒಂದು ತೊಡೆ

ನಾನು ಶಾಲೆ ಬಿಟ್ಟದ್ದು ೧೯೭೮ರಲ್ಲಿ, ಆರನೇ ಇಯತ್ತೆಯ ನಡುವೆ. ಬಿಟ್ಟೆ ಎನ್ನುವುದಕ್ಕಿಂತ, ರೋಣದ ನಮ್ಮ ಪತ್ತಾರಿಕೆಯ ಅಂಗಡಿಯಲ್ಲಿ ಅಪ್ಪನ ಪಕ್ಕ ಕುಳಿತವನು ಮತ್ತೆ ಏಳಲಿಲ್ಲ ಎನ್ನಬೇಕು. ಬಂಗಾರದ ಕೆಲಸ ಅಂಥದು. ಅಂದಿನಿಂದ ಓದಿ ತಿಳಿದದ್ದು ಕಡಿಮೆ, ಮುಟ್ಟಿ ತಿಳಿದದ್ದು ಹೆಚ್ಚು. ಈಗ ಇದೆಲ್ಲ ನೆನಪಾಗಲು ಕಾರಣ ನನ್ನ ಧೋತರಕ್ಕೆ ಅಂಟಿರುವ ಬೆಲ್ಲ. ಒಂದೆರಡು ಕೊಬ್ಬರಿ ಚೂರೂ ಇವೆ. ಒರೆಸಲು ಮನಸ್ಸಾಗುತ್ತಿಲ್ಲ.

ಕಿವಿ ಚುಚ್ಚುವುದರಲ್ಲಿ ನಾನು ಎತ್ತಿದ ಕೈ. ಊರಿಗೂ ಗೊತ್ತಿರಲೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ನರಗುಂದ, ಗಜೇಂದ್ರಗಡದಿಂದಲೂ ಮಕ್ಕಳನ್ನು ಕರೆತರುತ್ತಿದ್ದರು. ಪದ್ಧತಿ ನಿಮಗೂ ಗೊತ್ತು: ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಬಾಯಿಗೆ ಕೊಬ್ಬರಿ-ಬೆಲ್ಲ ಇಡಬೇಕು, ಆಮೇಲೆ ಬಂಗಾರದ ತಂತಿ. ಬೆಲ್ಲ ಮಗುವಿನ ಸಮಾಧಾನಕ್ಕೆ, ತೊಡೆ ಮಾವನ ಮರ್ಯಾದೆಗೆ, ಕೆಲಸವೆಲ್ಲ ನನ್ನ ಕೈಯದು ಎಂದು ತಿಳಿದಿದ್ದೆ.

ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಜಕ್ಕಲಿಯ ಒಂದು ಮನೆಗೆ ಕರೆಸಿದ್ದರು. ಹುಡುಗಿಯ ಹೆಸರು ಶಾಂತಾ, ಐದು ವರ್ಷ. ಅವಳ ಮಾವ ಮೆಣಸಗಿಯಿಂದ ಬರಬೇಕಿತ್ತು; ಬಸ್ಸು ತಪ್ಪಿತ್ತು.

“ಇನ್ನೊಂದ್ ತಾಸು ತಡೀರಿ ಪತ್ತಾರ್ರ, ನಮ್ಮಣ್ಣ ಬರ್ತಾನ,” ಎಂದಳು ತಾಯಿ.

“ಅವ ಬಂದು ಏನ್ ಮಾಡಾಂವ ಅದಾನ ತಂಗಿ? ಚುಚ್ಚಾಂವ ನಾನು. ಇರಿವಿ ಕಡದಷ್ಟೂ ಆಗೂದಿಲ್ಲ,” ಎಂದೆ.

ಇಬ್ಬರು ಹೆಂಗಸರು ಹುಡುಗಿಯ ತಲೆ, ಕೈಕಾಲು ಬಿಗಿಯಾಗಿ ಹಿಡಿದರು. ಬಲಗಿವಿ ಚುಚ್ಚಿದೆ. ಕೈ ಒಂದಿಷ್ಟೂ ತಪ್ಪಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಅವಳು ಕಿರುಚಿದ್ದಕ್ಕೆ ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿದವು. ಬೆಲ್ಲ ಉಗುಳಿ, ಕೊಸರಿಕೊಂಡು, ಜೋಳದ ಚೀಲಗಳ ಸಂದಿಯಲ್ಲಿ ಹೊಕ್ಕಳು.

“ಏನೋ ಪತ್ತಾರ, ನನ್ನ ಮೊಮ್ಮಗಳು ಒಂದ ಕಿವಿಗೆ ವಾಲಿ ಹಾಕ್ಕೊಂಡು ಅಡ್ಡಾಡಬೇಕೇನು?” ಎಂದು ಅಜ್ಜಿ ಹಂಗಿಸಿದಳು.

ಕೊಬ್ಬರಿ ತೋರಿಸಿದೆ, ಪುಸಲಾಯಿಸಿದೆ, ಗದರಿದೆ. ನನ್ನ ನೆರಳು ಕಂಡರೆ ಸಾಕು, ಹುಡುಗಿ ಎಡಗಿವಿ ಮುಚ್ಚಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಮಾವ ಬಂದ, ಮೈತುಂಬ ಧೂಳು. ಅವಳನ್ನು ಎಳೆಯಲಿಲ್ಲ. ಚೀಲಗಳ ಪಕ್ಕ ಕುಳಿತು ತೊಡೆ ತಟ್ಟಿದ. ತಾನೇ ಬಂದು ಕುಳಿತಳು. ಹೊಲದ ಕೆಲಸಕ್ಕೆ ಬಿರುಸಾಗಿದ್ದ ಅಂಗೈಯಿಂದ ಅವಳ ಬೆನ್ನನ್ನು ಮೇಲಿಂದ ಕೆಳಗೆ ಸವರುತ್ತ ಕುಳಿತ.

“ಮಾಮಾ, ಬ್ಯಾನಿ ಆಕ್ಕೈತಿ.”

“ಆದ್ರ ಆಗ್ಲಿ ನನ್ನವ್ವ. ನಾ ಅದೀನಲ್ಲ, ಅರ್ಧ ನನಗ ಕೊಡು.”

ಅದೇ ತಂತಿ, ಅದೇ ಕೈ. ಎಡಗಿವಿಗೆ ಹುಬ್ಬು ಗಂಟಿಕ್ಕಿದಳು, ಅಷ್ಟೇ. “ಇದು ಅಷ್ಟ್ ಬ್ಯಾನಿ ಆಗ್ಲಿಲ್ಲ,” ಎಂದು ಮನೆಮಂದಿಗೆಲ್ಲ ಸಾರಿದಳು.

“ಈ ಸಲ ಕೈ ಕುದುರಿತು ನೋಡ್ರಿ ಪತ್ತಾರ್ರ!” ಎಂದು ಮಾವ ನಕ್ಕ.

ಸಿಟ್ಟಿನಲ್ಲಿ ಸೈಕಲ್ ತುಳಿದುಕೊಂಡು ಬಂದೆ. ಹಿಡಿಯುವುದು ಬೇರೆ, ಮುಟ್ಟುವುದು ಬೇರೆ ಎಂದು ಒಪ್ಪಿಕೊಳ್ಳಲು ರೋಣದವರೆಗಿನ ದಾರಿ ಸಾಲಲಿಲ್ಲ. ಅಂದಿನಿಂದ ಮಾವ ಬರದೆ ತಂತಿ ಎತ್ತಲಿಲ್ಲ ನಿಜ. ಕೇಳಿದವರಿಗೆ ಮಾತ್ರ ಪದ್ಧತಿ ಎನ್ನುತ್ತಿದ್ದೆ.

ಇವತ್ತು ಬೆಳಿಗ್ಗೆ ಅದೇ ಶಾಂತಾ ನಾಲ್ಕು ವರ್ಷದ ಮಗಳನ್ನು ಅಂಗಡಿಗೆ ಕರೆತಂದಳು. ನಾನು ತಂತಿ ಹಿಡಿದೆ. ಒಂದು ವರ್ಷದಿಂದ ನನ್ನ ಬಲಗೈ ನಡುಗುತ್ತದೆ, ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲೇ ಕುಳಿತು ಕೆಲಸ ಮಾಡುವ ನನ್ನ ಮಗಳು ಗಿರಿಜಾ ನೋಡಿಯೂ ನೋಡದಂತೆ ಇದ್ದಳು. ಶಾಂತಾ ನೋಡಿಬಿಟ್ಟಳು. ನಾನು ಕೈ ಹಿಂದಕ್ಕೆಳೆದುಕೊಂಡೆ.

“ಪತ್ತಾರ ಕಾಕಾ, ನನಗ ಅಣ್ಣ ತಮ್ಮ ಯಾರೂ ಇಲ್ರಿ. ಇಕಿಗೆ ಮಾವನ ತೊಡಿ ಎಲ್ಲಿಂದ ತರ್ಲಿ? ತಂತಿ ಗಿರಿಜಕ್ಕನ ಕೈಯಾಗ ಕೊಡ್ರಿ. ನೀವು ತೊಡಿ ಕೊಡ್ರಿ.”

ಅಪ್ಪ ಈ ಕೆಲಸ ಒಪ್ಪಿಸಿದ ಮೇಲೆ ಚುಚ್ಚುವ ತಂತಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಕೊಟ್ಟೆ. ಮಗು ಬೆಲ್ಲ ಜಗಿಯುತ್ತ ತೊಡೆಯೇರಿತು. ಬೆನ್ನು ಸವರತೊಡಗಿದೆ. ಕೈ ನಡುಗುತ್ತಲೇ ಇತ್ತು. ಸವರುವುದಕ್ಕೆ ಅದು ಅಡ್ಡಿಯಾಗಲಿಲ್ಲ.

“ಆತವ್ವ, ಎರಡೂ ಮುಗದೂವು,” ಎಂದಳು ಗಿರಿಜಾ.

“ಅಜ್ಜಾ, ನೀ ಇನ್ನಷ್ಟು ತಿಕ್ಕು,” ಎಂದಿತು ಮಗು.

ಈಗ ನನ್ನ ಬಳಿ ಇರುವುದು ಇಷ್ಟು: ಅಂಗಡಿ ಒಂದು, ಇಕ್ಕಳ ಎರಡು, ತಂತಿ ಹಿಡಿಯುವ ಮಗಳು ಒಬ್ಬಳು, ನಡುಗುವ ಕೈ ಒಂದು, ಬೆಲ್ಲ ಅಂಟಿದ ತೊಡೆ ಒಂದು.