ನೀರು ಮಲಗುವುದನ್ನು ಕಾಯುವ ಹುಲಿಗೆಮ್ಮ

ಶಿಕಾರಿಪುರದ ಶಿರಾಳಕೊಪ್ಪ ರಸ್ತೆಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ತಗಡಿನ ಶೆಡ್ಡೊಂದರ ಮುಂದೆ, ಮೊಣಕಾಲೆತ್ತರದ ಸಿಮೆಂಟ್ ತೊಟ್ಟಿಯ ಪಕ್ಕ ಹುಲಿಗೆಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದಾರೆ. ತೊಟ್ಟಿಯ ನೀರಿನಲ್ಲಿ ಹಳೆಯ ಫಿಯೆಟ್ ಕಾರಿನ ಹಿತ್ತಾಳೆ ರೇಡಿಯೇಟರ್ ಮುಳುಗಿದೆ. ಓಡುವ ಎಂಜಿನ್ನನ್ನು ತಣ್ಣಗಿಡುವ ನೀರು ಸುತ್ತಾಡುವುದು ಇದರ ಸಣ್ಣ ಸಣ್ಣ ನಾಳಗಳಲ್ಲಿ. ಅದರ ಬಾಯಿಗಳಿಗೆ ರಬ್ಬರ್ ಬಿರಡೆ ಬಿಗಿದು, ಒಂದಕ್ಕೆ ಸೈಕಲ್ ಪಂಪು ಜೋಡಿಸಲಾಗಿದೆ. ಪಂಪಿನ ಹಿಡಿ ಹಿಡಿದು ನಿಂತವರು ಗಂಡ ಮಾಸ್ತಪ್ಪ. ಅವರು ಒತ್ತುತ್ತಿಲ್ಲ, ಹೆಂಡತಿಯ ಮಾತಿಗೆ ಕಾಯುತ್ತಿದ್ದಾರೆ.

“ಇನ್ನೂ ಮಲಗಿಲ್ಲ,” ಎನ್ನುತ್ತಾರೆ ಹುಲಿಗೆಮ್ಮ, ಮಗುವಿರುವ ಕೋಣೆಯಲ್ಲಿ ಮಾತಾಡುವಷ್ಟು ಮೆಲ್ಲಗೆ. ಮಲಗಬೇಕಾದದ್ದು ನೀರು. ರೇಡಿಯೇಟರ್ ಇಳಿಸಿದಾಗ ಎದ್ದ ಅಲೆ ಗೋಡೆಗೆ ಬಡಿದು, ಮರಳಿ, ಮತ್ತೆ ಬಡಿದು, ಕೊನೆಗೆ ಸುಮ್ಮನಾಗಬೇಕು. ಹಾಲಿನ ಕ್ಯಾನು ಹಿಡಿದು ಬಗ್ಗಿ ನೋಡುತ್ತಿದ್ದ ನನಗೂ ಒಂದು ಮಾತು ಬೀಳುತ್ತದೆ: “ಮೂಗಿನಾಗ ಉಸಿರು ಬಿಡ್ರಿ ಅಕ್ಕಾರ. ಬಾಯಿಂದ ಬಿಟ್ರ ನೀರು ಎದ್ದು ಕುಂದರ್ತೈತಿ.”

ಬೀದಿದೀಪದ ಬಿಂಬ ನೀರಿನ ಮೇಲೆ ಮೊದಲು ಚೂರುಚೂರಾಗಿರುತ್ತದೆ, ಆಮೇಲೆ ಉದ್ದನೆಯ ದಾರವಾಗುತ್ತದೆ, ಆಮೇಲೆ ಒಂದೇ ದುಂಡು ದೀಪ. “ಒತ್ತು,” ಎನ್ನುತ್ತಾರೆ ಹುಲಿಗೆಮ್ಮ. ಮಾಸ್ತಪ್ಪ ಪಂಪು ಒತ್ತುತ್ತಾರೆ. ರೇಡಿಯೇಟರಿನ ಮಡಿಕೆಯೊಳಗಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಹೊರಡುತ್ತವೆ. ಹುಲಿಗೆಮ್ಮ ಅವುಗಳ ಬೇರಿಗೆ ಬೆರಳಿಡುತ್ತಾರೆ. ಆ ಬೆರಳು ಇದ್ದಲ್ಲಿ ಮಾಸ್ತಪ್ಪ ಮೊಳೆಯಿಂದ ಗೀರುತ್ತಾರೆ. ರೇಡಿಯೇಟರ್ ಮೇಲೆ ಬಂದು ಒಣಗಿದ ಮೇಲೆ ಆ ಗೀರಿನ ಮೇಲೆ ಬೆಸುಗೆ ಬೀಳುತ್ತದೆ.

ಈ ಕೆಲಸಕ್ಕೆ ನಸುಕೇ ಬೇಕು. ಶೆಡ್ಡಿನ ಎದುರಿಗೇ ಗಾಡಿಗಳ ವೇಗ ತಗ್ಗಿಸುವ ರಸ್ತೆಯ ಹಂಪು ಇದೆ. ಬೆಳಕು ಹರಿದು ಲಾರಿ, ಬಸ್ಸುಗಳು ಅದರ ಮೇಲೆ ಧಡಲ್ಲೆಂದು ಹಾಯತೊಡಗಿದರೆ ತೊಟ್ಟಿಯ ನೀರು ಸಂಜೆಯವರೆಗೂ ನಡುಗುತ್ತಲೇ ಇರುತ್ತದೆ. ನಡುಗುವ ನೀರಿನಲ್ಲಿ ಸಣ್ಣ ಗುಳ್ಳೆ ಕಾಣುವುದಿಲ್ಲ.

ಶೆಡ್ಡಿನ ಬೋರ್ಡಿನ ಮೇಲೆ ‘ಮಾಸ್ತಪ್ಪ ರೇಡಿಯೇಟರ್ ವರ್ಕ್ಸ್’ ಎಂದಿದೆ. ಹುಲಿಗೆಮ್ಮನ ಹೆಸರು ಎಲ್ಲಿಯೂ ಇಲ್ಲ. ಆದರೆ ಇಲ್ಲಿಂದ ಸೊರಬದವರೆಗೆ ಹಳೆಯ ಜೀಪು, ಟ್ರ್ಯಾಕ್ಟರು, ಕಾರು ಇಟ್ಟುಕೊಂಡವರು ರೇಡಿಯೇಟರ್ ಒಯ್ಯಲು ಬಂದಾಗ ಕೇಳುವುದು ಒಂದೇ ಪ್ರಶ್ನೆ: “ಅಮ್ಮಾರು ನೋಡ್ಯಾರಾ?”

ಅವರ ತವರು ಅಂಬ್ಲಿಗೊಳದ ಹಿನ್ನೀರಿನ ಹತ್ತಿರ. ಅಪ್ಪ ಗಾಳ ಹಾಕುವಾಗ ಪಕ್ಕದಲ್ಲಿ ಸುಮ್ಮನೆ ಕೂರುವುದೇ ಹುಡುಗಿಯ ಕೆಲಸವಾಗಿತ್ತು. “ಮೀನಿನ ಗುಳ್ಳಿ ಬ್ಯಾರೆ, ಕಪ್ಪಿ ಗುಳ್ಳಿ ಬ್ಯಾರೆ. ಕೆಸರು ತಾನೇ ಉಸಿರು ಬಿಡ್ತೈತಲ್ಲ, ಅದು ಇನ್ನೂ ಬ್ಯಾರೆ. ಮಾತಾಡಿದ್ರ ಅಪ್ಪ ತಲಿಗೆ ಮೊಟಕ್ತಿದ್ದ. ಅದಕ್ಕ ಸುಮ್ಮನಿರದು ರೂಢಿ ಆತು,” ಎಂದು ನಗುತ್ತಾರೆ. ಮದುವೆಯಾಗಿ ಬಂದ ಮೇಲೆ, ಶೆಡ್ಡಿನ ಕೆಲಸಗಾರ ಬಿಟ್ಟುಹೋದ ಒಂದು ದಿನ ಗಂಡನಿಗೆ ಬುತ್ತಿ ತಂದವರು ತೊಟ್ಟಿಯೊಳಗೆ ಬಗ್ಗಿ, “ಅಲ್ಲೊಂದು ಬಂತಲ್ಲ,” ಎಂದರಂತೆ. ಅಂದು ಕೂತವರು ಇಂದಿಗೂ ಎದ್ದಿಲ್ಲ.

ಕೂತದ್ದು ಸುಲಭದ ಜಾಗವಲ್ಲ. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತದೆ. ಬೆಸುಗೆಗೆ ಬಳಸುವ ಆಸಿಡ್ ನೀರಿಗೆ ಬೆರೆತು ಉಗುರಿನ ಸುತ್ತ ಚರ್ಮ ಸೀಳುತ್ತದೆ. ಆ ಕೈಯಲ್ಲೇ ಖಾರ ಅರೆಯಬೇಕು, ಮಕ್ಕಳ ತಲೆಗೆ ಎಣ್ಣೆ ಹಚ್ಚಬೇಕು. ಮಕ್ಕಳಿಬ್ಬರೂ ಈ ತೊಟ್ಟಿಯ ಪಕ್ಕದಲ್ಲೇ ಜೋಲಿಯಲ್ಲಿ ಬೆಳೆದವರು. ಮೊದಲೆಲ್ಲ ಬೇಸಿಗೆಯಲ್ಲಿ ದಿನಕ್ಕೆ ಐದಾರು ರೇಡಿಯೇಟರ್ ಬರುತ್ತಿದ್ದವು. ಹೊಸ ಗಾಡಿಗಳದ್ದು ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್. ಕೆಟ್ಟರೆ ಬೆಸುಗೆಯಿಲ್ಲ, ಬದಲಾವಣೆಯೇ. ಈಗ ವಾರಕ್ಕೆ ಒಂದೆರಡು ಹಿತ್ತಾಳೆಯವು ಬಂದರೆ ಹೆಚ್ಚು.

ಇಂದು ತೊಟ್ಟಿಯಲ್ಲಿರುವುದು ಸೊರಬದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಕೊಟ್ರೇಶ್ ಅವರ ಕಾರಿನದು. ತಂದೆ ಶಾಂತವೀರಪ್ಪ ಅರವತ್ತರ ದಶಕದಲ್ಲಿ ಕೊಂಡ ತಿಳಿಹಸಿರು ಫಿಯೆಟ್. ಅದು ನೀರು ಸೋರಿಸತೊಡಗಿದಾಗ ಪೆಟ್ರೋಲ್ ಬಂಕಿನಲ್ಲಿ ಯಾರೋ ಒಂದು ಉಪಾಯ ಹೇಳಿದರು: ರೇಡಿಯೇಟರಿಗೆ ಅರಿಶಿನ ಹಾಕಿ, ತೂತು ತಾನೇ ಮುಚ್ಚುತ್ತದೆ. ನಡುದಾರಿಯಲ್ಲಿ ಸಿಕ್ಕಿಬಿದ್ದ ಲಾರಿಯವರು ಒಂದು ಚಿಟಿಕೆ ಹಾಕಿಕೊಂಡು ಊರು ಸೇರುವುದುಂಟು. ಕೊಟ್ರೇಶ್ ಡಬ್ಬಿಯನ್ನೇ ಬೋರಲು ಹಾಕಿದರು.

ತೊಟ್ಟಿಗೆ ಇಳಿಸುವ ಮೊದಲು ರೇಡಿಯೇಟರಿನ ಮೇಲಿನ ತಟ್ಟೆ ಬಿಚ್ಚಿದಾಗ ಅಂಗಳದ ತುಂಬ ಹಳದಿ ನೀರು ಹರಿಯಿತು. “ಮದಿವಿ ಗಂಡಿಗೆ ಮೈಗೆ ಹಚ್ತಾರ. ನೀವು ಹೊಟ್ಟಿಗೇ ಹಾಕೀರಲ್ರೀ ಸಾವ್ಕಾರ್ರ!” ಎಂದರು ಹುಲಿಗೆಮ್ಮ.

“ಇನ್ನು ಮದುವೆ ದಿಬ್ಬಣ ಹೊರಡಿಸೋದೂ ನೀವೇ ಅಮ್ಮ,” ಎಂದರು ಕೊಟ್ರೇಶ್, ಕಿವಿ ಕೆಂಪಾಗಿಸಿಕೊಂಡು.

ನಗು ಅಲ್ಲಿಗೇ ನಿಂತಿತು. ಈ ಕಾರಿನ ರೇಡಿಯೇಟರ್ ಈಗ ಎಲ್ಲೂ ಸಿಗುವುದಿಲ್ಲ. ಬೇರೊಬ್ಬ ಮೆಕ್ಯಾನಿಕ್ ಸುಲಭದ ದಾರಿ ತೋರಿಸಿದ್ದಾರೆ: ಕಾರಿನ ಮುಂಭಾಗ ಕತ್ತರಿಸಿ ವ್ಯಾನಿನ ರೇಡಿಯೇಟರ್ ಕೂರಿಸುವುದು. ಸೋಮವಾರ ಬನ್ನಿ ಎಂದೂ ಹೇಳಿದ್ದಾರೆ. ಶಾಂತವೀರಪ್ಪನವರಿಗೆ ಈಗ ಕಣ್ಣು ಅಷ್ಟಾಗಿ ಕಾಣದು. ಬೆಳಿಗ್ಗೆ ಎದ್ದು ಕಾರಿನ ಮುಂದಿನ ಜಾಲರಿಯ ಮೇಲೆ ಒಮ್ಮೆ ಕೈಯಾಡಿಸಿ ಆಮೇಲೆ ಕಾಫಿಗೆ ಕೂರುವವರು. “ಕತ್ತರಿಸಿದ್ರೆ ಕತ್ತರಿಸ್ಕೋ ಮಾರಾಯ. ಆಮೇಲೆ ಅದರೊಳಗೆ ಕೂರು ಅಂತ ನನ್ನ ಮಾತ್ರ ಕರಿಬೇಡ,” ಎಂದು ಮಗನಿಗೆ ಹೇಳಿದ್ದಾರಂತೆ.

ಈ ಶನಿವಾರದ ನಸುಕಿನಲ್ಲಿ ಸಿಕ್ಕ ತೂತುಗಳನ್ನೆಲ್ಲ ಮಾಸ್ತಪ್ಪ ಮುಚ್ಚುತ್ತಾರೆ. ಮತ್ತೆ ಮುಳುಗಿಸಿ ಒತ್ತುತ್ತಾರೆ. ನೀರು ಕನ್ನಡಿಯಂತೆ ಸುಮ್ಮನಿದೆ. “ಇನ್ನಿಲ್ಲ,” ಎನ್ನುತ್ತಾರೆ ಹುಲಿಗೆಮ್ಮ. ಅವರು ‘ಇನ್ನಿಲ್ಲ’ ಎಂದ ಮೇಲೆ ಯಾವ ಗಾಡಿಯೂ ಮತ್ತೆ ಸೋರಿ ಹಿಂದಿರುಗಿದ್ದಿಲ್ಲ.

ಮಧ್ಯಾಹ್ನ ಫಿಯೆಟ್ ಪರೀಕ್ಷೆಗೆಂದು ಅಂಬ್ಲಿಗೊಳದವರೆಗೆ ಹೋಗುತ್ತದೆ. ಸಂಜೆ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬರುತ್ತದೆ, ಮೂಗಿನಿಂದ ಹಬೆ ಬಿಡುತ್ತ.

“ನಿನ್ನ ಕಣ್ಣಿಗೂ ಅರಿಶಿನ ಮೆತ್ತಿತೇನೆ?” ಎನ್ನುತ್ತಾರೆ ಮಾಸ್ತಪ್ಪ. ಹಾಸ್ಯಕ್ಕೆ ಆಡಿದ ಮಾತು. ಹುಲಿಗೆಮ್ಮ ನಗುವುದಿಲ್ಲ. ಕೊಟ್ರೇಶ್ ಮೆಲ್ಲಗೆ, “ಬಿಡಿ ಅಮ್ಮ, ನೀವು ಆದಷ್ಟು ಮಾಡಿದ್ರಿ. ಸೋಮವಾರ ಅವರ ಹತ್ರಾನೇ ಹೋಗ್ತೀನಿ,” ಎನ್ನುತ್ತಾರೆ.

“ನಾಳೆ ಭಾನುವಾರ ಐತಲ್ರೀ,” ಎನ್ನುತ್ತಾರೆ ಹುಲಿಗೆಮ್ಮ. “ನಾಳೆ ಒಂದಿನ ನನಗ ಬಿಡ್ರಿ.”

ಮರುದಿನ ನಸುಕಿನಲ್ಲಿ ನಾನು ಹಾಲು ತರುವ ನೆಪದಲ್ಲಿ ಬೇಗನೇ ಹೊರಟೆ. ಶೆಡ್ಡಿನ ಮುಂದೆಲ್ಲ ಹೊಗೆ, ಹಬೆ. ಹುಲಿಗೆಮ್ಮ ಮನೆಯ ಹಂಡೆಯಿಂದ ಸ್ನಾನದ ಬಿಸಿನೀರು ಹೊತ್ತು ತಂದು ತೊಟ್ಟಿಗೆ ಸುರಿಯುತ್ತಿದ್ದಾರೆ. “ಗಾಡಿ ನೀರು ಬಿಡೋದು ಕಾದ ಮ್ಯಾಲೆ. ನಾನು ನೋಡಿದ್ದು ತಣ್ಣೀರಾಗ. ಒಳಗ ತೂತಿನಾಗ ಅರಿಶಿನ ಗಟ್ಟಿಯಾಗಿ ಕುಂತಿರಬೇಕು. ಬಿಸಿ ತಾಕಿದ್ರ ಅದು ಮೆತ್ತಗಾಗ್ತೈತಿ,” ಎಂದು ಗಂಡನಿಗೋ, ನನಗೋ, ತಮಗೋ ಹೇಳಿಕೊಳ್ಳುತ್ತಾರೆ.

ಆದರೆ ಬಿಸಿನೀರಿನ ಮೇಲೆ ಮಂಜಿನಂತೆ ಹಬೆ ನಿಲ್ಲುತ್ತದೆ. ಬೀದಿದೀಪದ ಬಿಂಬವೂ ಕಾಣದು, ರೇಡಿಯೇಟರೂ ಕಾಣದು; ತೊಟ್ಟಿಯೊಂದು ಬಿಳಿ ಕನಸಿನಂತಿದೆ. ಮಾಸ್ತಪ್ಪ ಒತ್ತುತ್ತಾರೆ. ಏನೂ ಕಾಣುವುದಿಲ್ಲ. ದೂರದಲ್ಲಿ ಮೊದಲ ಬಸ್ಸಿನ ಸದ್ದು. ಹುಲಿಗೆಮ್ಮ ಕಣ್ಣು ಮುಚ್ಚಿ ಎರಡೂ ಕೈಗಳನ್ನು ಮೊಣಕೈವರೆಗೆ ನೀರಿಗಿಳಿಸುತ್ತಾರೆ. ಅಂಗೈಗಳನ್ನು ಹಿತ್ತಾಳೆಯ ಮೇಲೆ ಒಂದು ಅಂಚಿನಿಂದ ಇನ್ನೊಂದಕ್ಕೆ, ಬಲು ನಿಧಾನವಾಗಿ ಸರಿಸುತ್ತಾರೆ. ಹಂಪಿನ ಮೇಲೆ ಬಸ್ಸು ಧಡಲ್ಲೆನ್ನುತ್ತದೆ, ನೀರು ತುಳುಕುತ್ತದೆ, ಅವರು ಕದಲುವುದಿಲ್ಲ. ರೇಡಿಯೇಟರನ್ನು ಕಾರಿಗೆ ಬಿಗಿಯುವ ಪಟ್ಟಿಯ ಹಿಂದೆ ಕೈ ನಿಲ್ಲುತ್ತದೆ.

“ಇನ್ನೊಂದು ಸಲ ಒತ್ತು.” ಮಾಸ್ತಪ್ಪ ಒತ್ತುತ್ತಾರೆ. “ಇಲ್ಲೈತಿ,” ಎನ್ನುತ್ತಾರೆ ಹುಲಿಗೆಮ್ಮ, ಆ ಜಾಗಕ್ಕೆ ಬೆರಳೊತ್ತಿ.

ಪಟ್ಟಿ ಬಿಡಿಸಿದರೆ ಅದರ ಹಿಂದೆ ಕೂದಲೆಳೆಯ ಬಿರುಕು. ಬಿರುಕಿನ ಬಾಯಲ್ಲಿ ಮೆತ್ತಗಾದ ಹಳದಿ ಚುಕ್ಕೆ. ಅದನ್ನು ಕೆರೆದು ತೆಗೆದು ಮಾಸ್ತಪ್ಪ ಬೆಸುಗೆ ಹಾಕುತ್ತಾರೆ. ಹೇಗೆ ಗೊತ್ತಾಯಿತೆಂದು ಆಮೇಲೆ ಕೇಳಿದೆ. ಕೈ ಒರೆಸಿಕೊಳ್ಳುತ್ತ ಹೇಳಿದರು: “ನಿಮಗ ಮಕ್ಕಳದಾವಲ್ರೀ? ಹೊಟ್ಟ್ಯಾಗಿನ ಕೂಸು ಮೊದಲ ಸರ್ತಿ ಮಿಸುಕಾಡ್ತೈತಿ ನೋಡ್ರಿ. ಹೌದೋ ಅಲ್ಲೋ ಅನಸ್ತೈತಿ. ಹಂಗಿತ್ತು ಅಂಗೈಗೆ.” ಮನೆಗೆ ಬಂದು ಮಕ್ಕಳಿಗೆ ದೋಸೆ ಹುಯ್ಯುವಾಗಲೂ, ಬಟ್ಟೆ ಹಿಂಡುವಾಗಲೂ ನನ್ನ ಅಂಗೈಯಲ್ಲಿ ಆ ಮಾತು ಮಿಸುಕುತ್ತಲೇ ಇತ್ತು.

ಸೋಮವಾರ ಕೊಟ್ರೇಶ್ ಮೆಕ್ಯಾನಿಕ್ ಹತ್ತಿರ ಹೋಗಲಿಲ್ಲ. ತಂದೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಚಂದ್ರಗುತ್ತಿಯ ಏರು ಹತ್ತಿಸಿದರು, ಇಳಿಸಿದರು. ಅಲ್ಲಿಂದ ಸೊರಬ, ಶಿರಾಳಕೊಪ್ಪ ದಾಟಿ ಎಲ್ಲಿಯೂ ನಿಲ್ಲಿಸದೆ ನೇರ ಶಿಕಾರಿಪುರಕ್ಕೆ ಬಂದರು. ನಾನು ಶಾಲೆಯಿಂದ ಮಗಳನ್ನು ಕರೆತರುವ ಹೊತ್ತಿಗೆ ತಿಳಿಹಸಿರು ಫಿಯೆಟ್, ಕತ್ತರಿ ಕಾಣದ ತನ್ನ ಹಳೆಯ ಮುಖದೊಂದಿಗೆ, ಶೆಡ್ಡಿನ ಮುಂದೆ ನಿಂತಿದೆ. ಶಾಂತವೀರಪ್ಪ ಇಳಿದು ಜಾಲರಿಯ ಮೇಲೆ ಕೈಯಾಡಿಸುತ್ತಿದ್ದಾರೆ. “ಬೆಚ್ಚಗಿದೆ, ಸುಡೋದಿಲ್ಲ,” ಎನ್ನುತ್ತಾರೆ, ಯಾರಿಗೂ ಅಲ್ಲ ಎಂಬಂತೆ.

“ಬೋರ್ಡಿನ ಮೇಲೆ ನಿಮ್ಮ ಹೆಸರೂ ಬರೆಸ್ತೀನಿ ಅಮ್ಮ, ಖರ್ಚು ನನ್ನದು,” ಎನ್ನುತ್ತಾರೆ ಕೊಟ್ರೇಶ್.

“ಬರೆಸ್ರಿ, ಬರೆಸ್ರಿ. ನನ್ನ ಹೆಸರು ಕೆಳಗ ಸಣ್ಣಕ್ಷರದಾಗ ಹಾಕ್ಸಿ,” ಎನ್ನುತ್ತಾರೆ ಮಾಸ್ತಪ್ಪ.

“ಹೆಸರು ತಗೊಂಡು ಏನ್ ಮಾಡ್ಲಿ?” ಹುಲಿಗೆಮ್ಮ ರಸ್ತೆಯತ್ತ ಗದ್ದ ತೋರುತ್ತಾರೆ. “ನಿಮಗ ದೊಡ್ಡೋರ ಪರಿಚಯ ಇದ್ರ ಆ ಹಂಪು ಒಂಚೂರು ಆಚೆ ಸರಸಾಕ ಹೇಳ್ರಿ. ನೀರು ಇನ್ನೊಂದು ತಾಸು ಮಲಕ್ಕೊಳ್ಳಲಿ.”

ಎಲ್ಲರೂ ನಗುತ್ತಿರುವಾಗ ಅವರು ಕಾರಿನ ಮೂತಿಯ ಕೆಳಗೆ ಬಗ್ಗುತ್ತಾರೆ. ಬಾನೆಟ್ ಎತ್ತಿಸಿ ನೋಡುವುದಿಲ್ಲ, ಮಾಸ್ತಪ್ಪನನ್ನೂ ಕೇಳುವುದಿಲ್ಲ. ರೇಡಿಯೇಟರಿನ ನೇರಕ್ಕೆ ನೆಲದ ಮೇಲೆ ಅಂಗೈ ಒತ್ತಿ, ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು, ಎದ್ದು ನಿಂತು ಕೈಯನ್ನು ನಮಗೆ ತೋರಿಸುತ್ತಾರೆ. ಸೀಳಿದ ಬೆರಳುಗಳ ನಡುವೆ ಒಂದು ಹನಿಯೂ ಇಲ್ಲ.

“ನೋಡ್ರಿ,” ಎನ್ನುತ್ತಾರೆ. “ಬರೇ ಧೂಳು.”